ಬ್ರೌಸರ್ ಹ್ಯಾಂಗ್ ಆದಾಗ ಎಲ್ಲಿಯವರೆಗೆ ನಿಂತಿದೆ ನೋಡಿ

ತಿಪಟೂರಿನಲ್ಲಿರುವ ನಮ್ಮ ಭಾವ ಫೋನ್ ಮಾಡಿದರೆ ಮೊದಲು ಕೊಬ್ಬರಿ ರೇಟಿನ ಮಾತು, ಆಮೇಲೆ ಲ್ಯಾಪ್‌ಟಾಪಿನ ಮಾತು. "ಮತ್ತೆ ಸ್ಟ್ರಕ್ ಆಯ್ತು ಕಣಯ್ಯಾ. ಕ್ಯಾಶ್ ಮೂರು ಸಲ ಕ್ಲಿಯರ್ ಮಾಡಿದೆ. ಬ್ರೌಸರ್ ತೆಗೆದು ಹೊಸದಾಗಿ ಹಾಕಿದೆ. ಏನೂ ಪ್ರಯೋಜನ ಇಲ್ಲ." ಕ್ಯಾಶ್ ಅಂದರೆ ಬ್ರೌಸರ್ ಕೂಡಿಟ್ಟುಕೊಂಡ ಪುಟಗಳ ಪ್ರತಿ. ಅದರ ಜೊತೆ ಲಾಗಿನ್ ನೆನಪಿಡುವ ಕುಕಿಗಳನ್ನೂ ಅಳಿಸಿದ್ದರಿಂದ ಎಲ್ಲ ಕಡೆ ಲಾಗಿನ್ ಹೋಗಿತ್ತು. ಪಾಸ್‌ವರ್ಡ್ ನೆನಪಿಲ್ಲದೆ ಇನ್ನೊಂದು ರಗಳೆ ಶುರುವಾಗಿತ್ತು.

ನಾನು ಕೇಳಿದ್ದು ಇಷ್ಟೇ. "ಭಾವ, ಸ್ಟ್ರಕ್ ಆದಾಗ ಮೌಸಿನ ಬಾಣ ಓಡಾಡುತ್ತಾ? ಪಕ್ಕದ ಟ್ಯಾಬ್‌ಗೆ ಹೋಗೋಕೆ ಆಗುತ್ತಾ?"

"ಅದನ್ನೆಲ್ಲ ಯಾರು ನೋಡ್ತಾರೆ? ಪವರ್ ಬಟನ್ ಒತ್ತಿ ಹಿಡೀತೀನಿ, ಅಷ್ಟೇ."

ನೋಡಬೇಕಾಗಿದ್ದು ಅದನ್ನೇ. ಹ್ಯಾಂಗ್ ಆದಾಗ ಎಷ್ಟು ಭಾಗ ನಿಂತಿದೆ ಅಂತ ಗೊತ್ತಾದರೆ ಮುಕ್ಕಾಲು ಕಾರಣ ಸಿಕ್ಕ ಹಾಗೆ. ನಿಂತಿರುವುದು ಒಂದು ಟ್ಯಾಬ್ ಮಾತ್ರವೋ, ಇಡೀ ಬ್ರೌಸರೋ, ಲ್ಯಾಪ್‌ಟಾಪೇ ನಿಂತಿದೆಯೋ? ಮೂರೂ ಬೇರೆ ಬೇರೆ ಕಾಯಿಲೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಭಾವ ಕ್ಯಾಶ್ ಅಳಿಸಿದ್ದು ಹಲ್ಲುನೋವಿಗೆ ಮೊಣಕಾಲಿಗೆ ಎಣ್ಣೆ ತಿಕ್ಕಿದ ಹಾಗಾಗಿತ್ತು.

ಅದಕ್ಕೂ ಮುಂಚೆ ಒಂದು ಅನುಮಾನ ಬಗೆಹರಿಸಿಕೊಳ್ಳಬೇಕು. ನೆಟ್ ನಿಧಾನ ಇದ್ದಾಗಲೂ ನಾವು "ಹ್ಯಾಂಗ್ ಆಯ್ತು" ಅಂತಲೇ ಹೇಳುತ್ತೇವೆ. ಪುಟದಲ್ಲಿರುವ ಯಾವುದಾದರೂ ಒಂದು ಸಾಲನ್ನು ಮೌಸಿನಿಂದ ಎಳೆದು ಸೆಲೆಕ್ಟ್ ಮಾಡಿ ನೋಡಿ. ಸಾಲು ನೀಲಿ ಬಣ್ಣಕ್ಕೆ ತಿರುಗಿದರೆ ಆ ಪುಟಕ್ಕೆ ಜೀವ ಇದೆ, ನೆಟ್ಟಿಗಾಗಿ ಕಾಯುತ್ತಾ ಕೂತಿದೆ ಅಷ್ಟೇ. ಸ್ಕ್ರೋಲ್ ಮಾಡಿ ಪರೀಕ್ಷೆ ಮಾಡಬೇಡಿ, ಅದು ಮೋಸ ಮಾಡುತ್ತದೆ. ಈಗಿನ ಬ್ರೌಸರ್‌ಗಳಲ್ಲಿ ಸ್ಕ್ರೋಲ್ ಮಾಡುವ ಕೆಲಸ ಬೇರೆಯೇ ಆಗಿ ನಡೆಯುತ್ತದೆ. ಹಾಗಾಗಿ ಪುಟ ಮೇಲೆ ಕೆಳಗೆ ಹೋಗುತ್ತಿದ್ದರೂ ಬಟನ್ ಒತ್ತಿದರೆ ಏನೂ ಆಗದಿರಬಹುದು.

ಹೀಗೇಕೆ ಅಂತ ತಿಳಿಯಲು ಬ್ರೌಸರಿನ ಒಳಗೆ ಒಮ್ಮೆ ಹೋಗಿ ಬರಬೇಕು.

ಕೊಬ್ಬರಿ ಮಂಡಿಯೊಂದನ್ನು ನೆನೆಸಿಕೊಳ್ಳಿ. ಅಲ್ಲಿ ಇರುವುದು ಒಬ್ಬನೇ ಗುಮಾಸ್ತ. ಲೆಕ್ಕ ಬರೆಯುವವನೂ ಅವನೇ, ಬಂದ ರೈತರನ್ನು ಮಾತಾಡಿಸುವವನೂ ಅವನೇ, ಬೋರ್ಡಿನ ಮೇಲೆ ರೇಟು ತಿದ್ದುವವನೂ ಅವನೇ. ಸಣ್ಣ ಪುಟ್ಟ ಲೆಕ್ಕ ಇರುವವರೆಗೆ ಎಲ್ಲ ಸಲೀಸು. ಯಾರೋ ಬಂದು ಐದು ವರ್ಷದ ಬಾಕಿ ಲೆಕ್ಕ ಒಂದೇ ಸಲ ಹಾಕು ಅಂದರೆ? ಅವನು ತಲೆ ಬಗ್ಗಿಸಿದರೆ ಮತ್ತೆ ಎತ್ತುವುದಿಲ್ಲ. ನೀವು ಎದುರಿಗೆ ನಿಂತು ಕರೆದರೂ ಕೇಳಿಸುವುದಿಲ್ಲ. ಬೋರ್ಡಿನ ಮೇಲೆ ಬೆಳಗಿನ ರೇಟೇ ಉಳಿದಿರುತ್ತದೆ.

ವೆಬ್ ಪುಟದ ಒಳಗಿರುವ ಗುಮಾಸ್ತ ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಇದನ್ನು ರೂಪಿಸಿದಾಗ ಪುಟಕ್ಕೆ ಒಂದಿಷ್ಟು ಲವಲವಿಕೆ ತರುವುದಷ್ಟೇ ಇದರ ಕೆಲಸವಾಗಿತ್ತು. ಇವತ್ತು ಬ್ಯಾಂಕು, ಮ್ಯಾಪು, ವಿಡಿಯೊ ಎಲ್ಲವೂ ಇದರ ಹೆಗಲ ಮೇಲೆಯೇ. ಆದರೆ ಮೂಲ ಕಟ್ಟಳೆ ಬದಲಾಗಿಲ್ಲ. ಪುಟದ ಮುಖ್ಯ ಕೆಲಸಗಳು ಒಂದೇ ಸಾಲಿನಲ್ಲಿ, ಒಂದಾದ ಮೇಲೆ ಒಂದು ನಡೆಯುತ್ತವೆ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಅಂದರೆ ಒಂದೊಂದು ಚಿತ್ರಕ್ಕೂ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಪುಟ ಮುಗ್ಗರಿಸುತ್ತದೆ. ಅರ್ಧ ನಿಮಿಷ ಹಿಡಿದರೆ ನಾವು ಸ್ಟ್ರಕ್ ಅನ್ನುತ್ತೇವೆ.

ಈ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು, ಸಿಟ್ಟಿನಲ್ಲಿ ಹತ್ತಾರು ಸಲ ಕ್ಲಿಕ್ ಮಾಡುವುದು. ಆ ಕ್ಲಿಕ್ಕುಗಳು ಎಲ್ಲಿಗೂ ಹೋಗುವುದಿಲ್ಲ, ಸಾಲಿನಲ್ಲಿ ನಿಂತಿರುತ್ತವೆ. ಗುಮಾಸ್ತ ತಲೆ ಎತ್ತಿದ ಕೂಡಲೇ ಎಲ್ಲವನ್ನೂ ಒಂದರ ಹಿಂದೆ ಒಂದು ಜಾರಿ ಮಾಡುತ್ತಾನೆ. ಹಣ ಕಟ್ಟುವ ಪುಟದಲ್ಲಿ ಹೀಗಾದರೆ ಫಜೀತಿ. ಅಲ್ಲಿ ಹ್ಯಾಂಗ್ ಆದರೆ ಕೈ ಕಟ್ಟಿ ಕೂತು, ಮೊದಲು ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬಂದಿದೆಯಾ ನೋಡಿ. ಖಾತೆಯಿಂದ ಹಣ ಹೋಗಿಲ್ಲ ಅಂತ ಖಚಿತ ಆದ ಮೇಲೆ ಮಿಕ್ಕಿದ್ದು.

ಹಿಂದೆ ಇಡೀ ಬ್ರೌಸರೇ ಒಂದು ಕೋಣೆ ಇದ್ದ ಹಾಗಿತ್ತು. ಒಂದು ಪುಟ ಕೆಟ್ಟರೆ ಎಲ್ಲ ಪುಟಗಳೂ ಮುಳುಗುತ್ತಿದ್ದವು. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ಕ್ರೋಮ್ ಬಂದಾಗ ಟ್ಯಾಬ್‌ಗಳಿಗೆ ಪ್ರತ್ಯೇಕ ಕೋಣೆ, ಅಂದರೆ ಪ್ರತ್ಯೇಕ ಪ್ರೋಸೆಸ್ ಕೊಟ್ಟಿತು. ಫೈರ್‌ಫಾಕ್ಸ್ ಇದೇ ದಾರಿ ಹಿಡಿದಿದ್ದು 2016ರಲ್ಲಿ. 2018ರ ಜನವರಿಯಲ್ಲಿ ಪ್ರೊಸೆಸರ್ ಚಿಪ್‌ಗಳಲ್ಲಿ ಸ್ಪೆಕ್ಟರ್ ಅನ್ನುವ ದೋಷ ಹೊರಬಿತ್ತು. ಒಂದು ಸೈಟು ಇನ್ನೊಂದರ ಗುಟ್ಟು ಕದಿಯುವ ಭಯ ಹುಟ್ಟಿತು. ಅದೇ ವರ್ಷ ಕ್ರೋಮ್ ಪ್ರತಿ ಸೈಟಿಗೂ ಬೇರೆ ಕೋಣೆ ಮಾಡಿತು. ಇದರಿಂದ ಮೆಮೊರಿ ಬಳಕೆ ಶೇಕಡ 10ರಿಂದ 13ರಷ್ಟು ಹೆಚ್ಚಾಗುತ್ತದೆ ಅಂತ ಗೂಗಲ್ ಆಗಲೇ ಹೇಳಿತ್ತು. ನೀವು ತೆರೆದಿರುವುದು ಒಂದೇ ಸುದ್ದಿ ಪುಟ ಇರಬಹುದು. ಅದರೊಳಗಿನ ಜಾಹೀರಾತುಗಳು ಬೇರೆ ಬೇರೆ ಸೈಟಿನವು ತಾನೇ? ಅವಕ್ಕೂ ಕೋಣೆ ಬೇಕು. ಕೋಣೆ ಜಾಸ್ತಿ ಆದಷ್ಟೂ ಭದ್ರತೆ ಜಾಸ್ತಿ, ಜಾಗದ ಖರ್ಚೂ ಜಾಸ್ತಿ.

ಈಗ ಮೂರು ಕಾಯಿಲೆಗಳಿಗೆ ಬರೋಣ.

ಒಂದೇ ಟ್ಯಾಬ್ ನಿಂತಿದ್ದರೆ ತಪ್ಪು ಆ ಪುಟದ್ದು. "ಪೇಜ್ ಅನ್‌ರೆಸ್ಪಾನ್ಸಿವ್" ಅಂತ ಪೆಟ್ಟಿಗೆ ಬಂದರೆ ಒಂದು ನಿಮಿಷ ಕಾಯಿರಿ, ಆಗದಿದ್ದರೆ ಪುಟದಿಂದ ಹೊರಗೆ ಬನ್ನಿ. ಅರ್ಧ ತುಂಬಿದ ಫಾರ್ಮ್ ಇದ್ದರೆ ಮುಚ್ಚುವ ಮುಂಚೆ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದುಕೊಳ್ಳಿ, ಮತ್ತೆ ತುಂಬುವಾಗ ನೋಡಿಕೊಳ್ಳಬಹುದು. ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸಾಧನ ಬ್ರೌಸರಿನೊಳಗೇ ಇದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಯಾವ ಟ್ಯಾಬ್ ಎಷ್ಟು ಮೆಮೊರಿ, ಎಷ್ಟು ಸಿಪಿಯು (ಪ್ರೊಸೆಸರ್) ತಿನ್ನುತ್ತಿದೆ ಅಂತ ಪಟ್ಟಿ ಬರುತ್ತದೆ. ಮೆಮೊರಿ ಅಥವಾ ಸಿಪಿಯು ಅನ್ನುವ ತಲೆಬರಹ ಒತ್ತಿದರೆ ಕಳ್ಳನ ಹೆಸರು ಮೇಲೆ ಬರುತ್ತದೆ. ಅದೊಂದನ್ನೇ ಮುಗಿಸಿದರೆ ಮಿಕ್ಕ ಟ್ಯಾಬ್‌ಗಳು ಉಳಿಯುತ್ತವೆ. ಕೆಲವೊಮ್ಮೆ ಒಂದೇ ಸೈಟಿನ ಎರಡು ಮೂರು ಟ್ಯಾಬ್‌ಗಳು ಒಟ್ಟಿಗೆ ಸಾಯುವುದುಂಟು. ಅವು ಒಂದೇ ಕೋಣೆ ಹಂಚಿಕೊಂಡಿದ್ದವು ಅಂತ ಅರ್ಥ, ಗಾಬರಿ ಬೇಡ.

ಪುಟ ಕೆಡುವುದು ಹೇಗೆ? ತಾನೇ ತಾನಾಗಿ ಓಡುವ ವಿಡಿಯೊ ಜಾಹೀರಾತು, ಸ್ಕ್ರೋಲ್ ಮಾಡಿದಷ್ಟೂ ಮುಗಿಯದೆ ಉದ್ದವಾಗುವ ಪುಟ, ಸಾವಿರಾರು ಸಾಲಿನ ಆನ್‌ಲೈನ್ ಶೀಟು. ಇನ್ನು ದಿನಗಟ್ಟಲೆ ತೆರೆದೇ ಇರುವ ಟ್ಯಾಬ್ ಒಂದು ಬಗೆ. ಕ್ಷಣಕ್ಷಣಕ್ಕೂ ಹೊಸ ಸ್ಕೋರು, ಹೊಸ ರೇಟು ತರುವ ಪುಟ ಹಳೆಯದನ್ನು ಬಿಡದೆ ಗುಡ್ಡೆ ಹಾಕಿಕೊಳ್ಳುತ್ತಾ ಹೋಗಬಹುದು. ದಿನಕ್ಕೊಮ್ಮೆ ರಿಫ್ರೆಶ್ ಮಾಡಿದರೆ ಗುಡ್ಡೆ ಕರಗುತ್ತದೆ.

ಇಡೀ ಬ್ರೌಸರ್ ನಿಂತು, ಲ್ಯಾಪ್‌ಟಾಪಿನ ಬೇರೆ ಕೆಲಸ ಸರಿಯಾಗಿ ನಡೆಯುತ್ತಿದ್ದರೆ ಅದು ಎರಡನೆಯ ಕಾಯಿಲೆ. ವಿಂಡೋಸ್‌ನಲ್ಲಿ ಕಿಟಕಿ ಬೆಳ್ಳಗಾಗಿ, ಮೇಲೆ "ನಾಟ್ ರೆಸ್ಪಾಂಡಿಂಗ್" ಅಂತ ಬರುತ್ತದಲ್ಲ, ಅದು ಬ್ರೌಸರ್ ಹೇಳಿದ ಮಾತಲ್ಲ. ಸುಮಾರು 5 ಸೆಕೆಂಡ್ ಕರೆದರೂ ಓಗೊಡದ ಕಿಟಕಿಯ ಜಾಗದಲ್ಲಿ ವಿಂಡೋಸ್ ತಾನೇ ಒಂದು ಬೊಂಬೆ ಕಿಟಕಿ ನಿಲ್ಲಿಸುತ್ತದೆ. ಕೆಲವೊಮ್ಮೆ ಹತ್ತು ಸೆಕೆಂಡ್ ಬಿಟ್ಟರೆ ಬ್ರೌಸರ್ ತಾನಾಗಿ ಎದ್ದು ಬರುತ್ತದೆ.

ಇಲ್ಲಿ ನನ್ನ ಮೊದಲ ಅನುಮಾನ ಯಾವತ್ತೂ ಬ್ರೌಸರಿಗೆ ನಾವೇ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳ, ಅಂದರೆ ಎಕ್ಸ್‌ಟೆನ್ಷನ್‌ಗಳ ಮೇಲೆ. ಪಿಡಿಎಫ್ ಜೋಡಿಸುವುದು, ಕೂಪನ್ ಹುಡುಕುವುದು, ವಿಡಿಯೊ ಇಳಿಸುವುದು, ಹೀಗೆ ಯಾವುದೋ ಒಂದು ದಿನದ ಅಗತ್ಯಕ್ಕೆ ಹಾಕಿಕೊಂಡು ಮರೆತಿರುತ್ತೇವೆ. ಇವುಗಳಲ್ಲಿ ಎಷ್ಟೋ ನೀವು ತೆರೆಯುವ ಪ್ರತಿ ಪುಟದೊಳಗೂ ಕೈಹಾಕುತ್ತವೆ. ಪರೀಕ್ಷೆ ಸುಲಭ. ಹಿಸ್ಟರಿ ಉಳಿಸದ ಇನ್‌ಕಾಗ್ನಿಟೊ ಕಿಟಕಿ ತೆರೆದು ಅದೇ ಕೆಲಸ ಅರ್ಧ ಗಂಟೆ ಮಾಡಿ. ನೀವಾಗಿ ಅನುಮತಿ ಕೊಡದಿದ್ದರೆ ಎಕ್ಸ್‌ಟೆನ್ಷನ್‌ಗಳು ಅಲ್ಲಿಗೆ ಬರುವುದಿಲ್ಲ. ಅಲ್ಲಿ ಹ್ಯಾಂಗ್ ಆಗದಿದ್ದರೆ ಅನುಮಾನ ಗಟ್ಟಿಯಾಯಿತು. ಆಮೇಲೆ ಅರ್ಧರ್ಧ ಮಾಡಿ ಹುಡುಕಿ. ಹದಿನಾರು ಇದ್ದರೆ ಎಂಟನ್ನು ಆಫ್ ಮಾಡಿ. ತೊಂದರೆ ಹೋದರೆ ಕಳ್ಳ ಆ ಎಂಟರಲ್ಲಿದ್ದಾನೆ, ಇಲ್ಲದಿದ್ದರೆ ಇನ್ನೆಂಟರಲ್ಲಿ. ನಾಲ್ಕು ಸುತ್ತಿನಲ್ಲಿ ಕೈಗೆ ಸಿಗುತ್ತಾನೆ. ಒಂದೊಂದಾಗಿ ಆಫ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಫೈರ್‌ಫಾಕ್ಸಿನ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟ್ ಮೋಡ್ ಅಂತ ಇದಕ್ಕೆಂದೇ ಒಂದು ದಾರಿ ಇದೆ.

ವಿಡಿಯೊ ನೋಡುವಾಗ ಚಿತ್ರ ನಿಂತು ಹಾಡು ಮಾತ್ರ ಮುಂದುವರಿಯುತ್ತದೆಯೇ? ಪೂರ್ತಿ ಪರದೆ ಮಾಡಿದ ಕೂಡಲೇ ಕಪ್ಪಾಗುತ್ತದೆಯೇ? ಆಗ ಗ್ರಾಫಿಕ್ಸ್ ಕಡೆ ನೋಡಬೇಕು. ಚಿತ್ರ ಮೂಡಿಸುವ ಭಾರವನ್ನು ಬ್ರೌಸರ್ ಗ್ರಾಫಿಕ್ಸ್ ಚಿಪ್ಪಿಗೆ ವಹಿಸಿರುತ್ತದೆ. ಆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹಳೆಯದಾದರೆ ಇಬ್ಬರ ನಡುವೆ ಮಾತು ಕೆಡುತ್ತದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಅನ್ನುವ ಭಾಗಕ್ಕೆ ಹೋಗಿ ಗ್ರಾಫಿಕ್ಸ್ ಆಕ್ಸಿಲರೇಷನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ತೊಂದರೆ ಹೋಯಿತು ಅಂದರೆ ಅದನ್ನು ಹಾಗೇ ಬಿಡಬೇಡಿ. ಡ್ರೈವರ್ ಅಪ್‌ಡೇಟ್ ಮಾಡಿ ಮತ್ತೆ ಆನ್ ಮಾಡಿ. ಇಲ್ಲದಿದ್ದರೆ ಆ ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಇದೂ ಅಲ್ಲದಿದ್ದರೆ ಪ್ರೊಫೈಲ್ ಕೆಟ್ಟಿರಬಹುದು. ಬುಕ್‌ಮಾರ್ಕ್, ಹಿಸ್ಟರಿ, ಸೆಟ್ಟಿಂಗ್ ಎಲ್ಲ ಇರುವ ಗಂಟು ಅದು. ಭಾವ ಬ್ರೌಸರ್ ತೆಗೆದು ಮತ್ತೆ ಹಾಕಿದ್ದರೂ ಏನೂ ಆಗಲಿಲ್ಲ ಅಂದರಲ್ಲ, ಅದರಲ್ಲಿ ಅಚ್ಚರಿ ಏನಿಲ್ಲ. ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡುವಾಗ "ಬ್ರೌಸಿಂಗ್ ಡೇಟಾ ಕೂಡ ಅಳಿಸಲೇ" ಅಂತ ಕೇಳುತ್ತದೆ. ಅಲ್ಲಿ ಟಿಕ್ ಹಾಕದಿದ್ದರೆ ಹಳೆಯ ಗಂಟು ಹಾಗೇ ಉಳಿದು, ಹೊಸ ಬ್ರೌಸರಿಗೆ ಅಂಟಿಕೊಳ್ಳುತ್ತದೆ. ಮನೆ ಬದಲಾಯಿಸಿ ಹಳೆಯ ತಿಗಣೆ ಮಂಚವನ್ನೇ ತಂದುಕೊಂಡ ಹಾಗೆ. ಅದರ ಬದಲು ಬ್ರೌಸರಿನಲ್ಲೇ ಹೊಸ ಪ್ರೊಫೈಲ್ ಮಾಡಿ ಎರಡು ದಿನ ಬಳಸಿ ನೋಡಿ.

ಕ್ಯಾಶ್ ಬಗ್ಗೆ ಒಂದು ಮಾತು. ಅದು ಇರುವುದೇ ವೇಗಕ್ಕಾಗಿ, ಒಮ್ಮೆ ತಂದ ಚಿತ್ರವನ್ನು ಮತ್ತೆ ತರದಿರಲಿ ಅಂತ. ಒಂದು ಸೈಟು ವಿಚಿತ್ರವಾಗಿ ಕಾಣಿಸಿದಾಗ ಅದನ್ನು ಅಳಿಸುವುದಕ್ಕೆ ಅರ್ಥ ಇದೆ. ಹ್ಯಾಂಗ್ ಆಗುವುದಕ್ಕೆ ಅದನ್ನೇ ಮದ್ದು ಅಂತ ಎಲ್ಲರೂ ಯಾಕೆ ಹೇಳುತ್ತಾರೋ! ಬಹುಶಃ ಹೇಳುವುದು ಸುಲಭ, ಅದಕ್ಕೇ ಇರಬೇಕು.

ಇನ್ನು ಮೂರನೆಯದು. ಭಾನುವಾರ ತಿಪಟೂರಿಗೆ ಹೋದಾಗ ಕಣ್ಣಾರೆ ಕಂಡೆ. ಭಾವ ಹಾಡಿನ ವಿಡಿಯೊ ತೆರೆದರು. ಮೌಸಿನ ಬಾಣ ಕುಂಟಿತು, ನಿಂತಿತು. ಸ್ಟಾರ್ಟ್ ಮೆನುವೂ ಬರಲಿಲ್ಲ. ಲ್ಯಾಪ್‌ಟಾಪಿನ ಪಕ್ಕದ ಸಣ್ಣ ದೀಪ ಮಾತ್ರ ಒಂದೇ ಸಮನೆ ಮಿಣುಕುತ್ತಿತ್ತು. ಒಳಗಿನಿಂದ ಗರಗರ ಸದ್ದು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಕಾದೆವು. ಎರಡು ನಿಮಿಷದ ಮೇಲೆ, ಯಾವುದು ಎಷ್ಟು ಬಳಕೆಯಾಗುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಬಂತು. ಮೆಮೊರಿ ಶೇಕಡ 96, ಡಿಸ್ಕ್ ಶೇಕಡ 100. ಪ್ರೊಸೆಸರ್ ಮಾತ್ರ ಆರಾಮಾಗಿ ಶೇಕಡ 20ರಲ್ಲಿ ಕೂತಿತ್ತು. ಈ ಮೂರು ಅಂಕಿ ಒಟ್ಟಿಗೆ ಕಂಡರೆ ಬೇರೆ ಪರೀಕ್ಷೆಗೆ ಹೋಗುವ ಮುಂಚೆ ಮೆಮೊರಿಯನ್ನೇ ನೋಡಬೇಕು.

"ಭಾವ, ನಿಮ್ಮ ಮನೆ ಅಟ್ಟದ ಲೆಕ್ಕದಲ್ಲೇ ಹೇಳ್ತೀನಿ" ಅಂದೆ. ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟಿರುತ್ತಾರೆ. ಅಡುಗೆಗೆ ಬೇಕಾದ ನಾಲ್ಕು ಕಾಯಿ ಮಾತ್ರ ಒಲೆಯ ಪಕ್ಕದ ಬುಟ್ಟಿಯಲ್ಲಿರುತ್ತದೆ. ಬುಟ್ಟಿಯೇ ರ‍್ಯಾಮ್, ಅಂದರೆ ಮೆಮೊರಿ. ಅಟ್ಟವೇ ಹಾರ್ಡ್ ಡಿಸ್ಕ್. ಬುಟ್ಟಿ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಎತ್ತಿ ಅಟ್ಟದ ಮೂಲೆಯಲ್ಲಿ ಇಡುತ್ತದೆ. ಆ ಮೂಲೆಗೆ ಪೇಜ್ ಫೈಲ್ ಅಂತ ಹೆಸರು. ನೀವು ಹಳೆಯ ಟ್ಯಾಬ್ ಒತ್ತಿದಿರಿ ಅನ್ನಿ. ಅದು ಅಟ್ಟದಲ್ಲಿದೆ. ಇಳಿಸಬೇಕು, ಇಳಿಸಲು ಬುಟ್ಟಿಯಲ್ಲಿ ಜಾಗ ಇಲ್ಲ, ಅದಕ್ಕೆ ಇನ್ನೊಂದನ್ನು ಹತ್ತಿಸಬೇಕು. ಅಷ್ಟರಲ್ಲಿ ಹತ್ತಿಸಿದ್ದೇ ಮತ್ತೆ ಬೇಕಾಗುತ್ತದೆ. ಏಣಿ ಹತ್ತಿ ಇಳಿಯುವುದರಲ್ಲೇ ದಿನ ಕಳೆಯುತ್ತದೆ, ಅಡುಗೆ ಆಗುವುದಿಲ್ಲ. ಪ್ರೊಸೆಸರ್ ಆರಾಮಾಗಿದ್ದದ್ದು ಇದಕ್ಕೇ. ಅಡುಗೆಯವರು ಸಿದ್ಧ, ಕಾಯಿ ಬಂದಿಲ್ಲ.

ಏಣಿ ಎಷ್ಟು ಉದ್ದ ಅಂತ ಕೇಳಿದರೆ ತಲೆ ತಿರುಗುತ್ತದೆ. ರ‍್ಯಾಮ್‌ನಿಂದ ಒಂದು ಚೂರು ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಮುಳ್ಳು ಸರಿದು, ತಟ್ಟೆ ತಿರುಗಿ, ಜಾಗ ಸಿಗಲು ಸುಮಾರು 10 ಮಿಲಿಸೆಕೆಂಡ್ ಬೇಕು. ಲಕ್ಷ ಪಟ್ಟು ವ್ಯತ್ಯಾಸ! ಬುಟ್ಟಿಯಿಂದ ಕಾಯಿ ತೆಗೆಯಲು ಒಂದು ಸೆಕೆಂಡ್ ಅಂದುಕೊಂಡರೆ ಅಟ್ಟದಿಂದ ತರಲು ಒಂದು ದಿನದ ಮೇಲೆ ಮೂರು ನಾಲ್ಕು ಗಂಟೆ. ಅದೇ ಎಸ್‌ಎಸ್‌ಡಿ ಆದರೆ ತಿರುಗುವ ತಟ್ಟೆ ಇಲ್ಲ, ಮಾಹಿತಿ ಚಿಪ್‌ನಲ್ಲೇ ಇರುತ್ತದೆ, ಸುಮಾರು 0.1 ಮಿಲಿಸೆಕೆಂಡ್ ಸಾಕು. ನಮ್ಮ ಲೆಕ್ಕದಲ್ಲಿ ಕಾಲು ಗಂಟೆ ಚಿಲ್ಲರೆ. ಮೆಮೊರಿ ಸಾಲದ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಬರೀ ನಿಧಾನ ಅನ್ನಿಸಿ, ಇನ್ನೊಂದು ಸತ್ತೇ ಹೋಯಿತು ಅನ್ನಿಸುವುದು ಇದರಿಂದಲೇ.

ಭಾವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 4 ಜಿಬಿ ರ‍್ಯಾಮ್. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮಿತಿಯೇ 4 ಜಿಬಿ. ಕನಿಷ್ಠ ಅಂದರೆ ಆನ್ ಆಗಲು ಸಾಕು, ಅಷ್ಟೇ. ಅದರ ಮೇಲೆ 23 ಟ್ಯಾಬ್: ರೇಟು, ಸುದ್ದಿ, ಸ್ಕೋರು, ಹಾಡು, ಮಗಳ ಕಾಲೇಜಿನ ಫಾರ್ಮು. ಜೊತೆಗೆ ಎರಡು ಆಂಟಿವೈರಸ್. ಒಂದು ವಿಂಡೋಸ್ ಜೊತೆ ಬಂದದ್ದು, ಇನ್ನೊಂದು ಅಂಗಡಿಯವರು ಹಾಕಿಕೊಟ್ಟಿದ್ದು, ಅವಧಿ ಮುಗಿದು ನವೀಕರಿಸಿ ಅಂತ ಪೀಡಿಸುತ್ತಿತ್ತು. ಮೊದಲು ಅದನ್ನು ತೆಗೆದೆವು. ಮಗಳು ಯಾವಾಗಲೋ ಹಾಕಿದ ಪಿಡಿಎಫ್ ಎಕ್ಸ್‌ಟೆನ್ಷನ್ ಕೂಡ ಹೋಯಿತು.

ದುಡ್ಡು ಖರ್ಚಿಲ್ಲದ ಉಪಾಯ ಇನ್ನೊಂದಿದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಅಂತ ಇದೆ, ಅಲ್ಲಿ ಮೆಮೊರಿ ಸೇವರ್ ಆನ್ ಮಾಡಿ. ಎಡ್ಜ್‌ನಲ್ಲಿ ಇದರ ಹೆಸರು ಸ್ಲೀಪಿಂಗ್ ಟ್ಯಾಬ್ಸ್. ಬಹಳ ಹೊತ್ತು ಮುಟ್ಟದ ಟ್ಯಾಬ್‌ಗಳನ್ನು ಅವು ಮಲಗಿಸುತ್ತವೆ. ಅರ್ಧ ತುಂಬಿದ ಫಾರ್ಮ್ ಇರುವ ಟ್ಯಾಬನ್ನು ಕ್ರೋಮ್ ಹಾಗೇ ಬಿಡುತ್ತದೆ, ಚಿಂತೆ ಇಲ್ಲ. "ರ‍್ಯಾಮ್ ಕ್ಲೀನರ್", "ಬೂಸ್ಟರ್" ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಸುಳಿಯಬೇಡಿ. ಅವು ಬುಟ್ಟಿಯಲ್ಲಿದ್ದದ್ದನ್ನೇ ಅಟ್ಟಕ್ಕೆ ಎಸೆದು ಬುಟ್ಟಿ ಖಾಲಿ ಅಂತ ತೋರಿಸುತ್ತವೆ.

ಮೆಮೊರಿ ಖಾಲಿ ಇದ್ದೂ ಡಿಸ್ಕ್ ಮಾತ್ರ ಯಾವಾಗಲೂ ಶೇಕಡ 100 ತೋರಿಸುತ್ತಾ, ಒಳಗೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಬ್ರೌಸರ್ ರಿಪೇರಿ ಬಿಟ್ಟು ಮೊದಲು ಫೋಟೊ, ಕಾಗದಪತ್ರಗಳ ಬ್ಯಾಕಪ್ ತೆಗೆದುಕೊಳ್ಳಿ. ಡಿಸ್ಕ್ ಸಾಯುತ್ತಿರಬಹುದು. ಪ್ರೊಸೆಸರ್ ಬಿಸಿಯಾಗಿಯೂ ಲ್ಯಾಪ್‌ಟಾಪ್ ನಿಧಾನ ಆಗುತ್ತದೆ. ಕಾದಾಗ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಹಾಸಿಗೆ ಮೇಲೆ ಇಟ್ಟು ಗಾಳಿಯ ಕಿಂಡಿ ಮುಚ್ಚಿದರೆ ಹೀಗೇ.

ನಿಂತ ಹಾಗೆ ನಟಿಸುವ ಪುಟವೂ ಒಂದಿದೆ. ಇದ್ದಕ್ಕಿದ್ದ ಹಾಗೆ ಪರದೆ ತುಂಬಾ ಕೆಂಪು, ಜೋರು ಸದ್ದು, "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬರಹ. ಏನೂ ಲಾಕ್ ಆಗಿರುವುದಿಲ್ಲ, ಪುಟವನ್ನು ಪೂರ್ತಿ ಪರದೆಗೆ ಹಿಗ್ಗಿಸಿರುತ್ತಾರೆ ಅಷ್ಟೇ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಹೋಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಗಿಸಿ. ಮತ್ತೆ ತೆರೆದಾಗ "ಹಳೆಯ ಪುಟಗಳನ್ನು ತರಲೇ" ಅಂತ ಕೇಳಿದರೆ ಬೇಡ ಅನ್ನಿ, ಇಲ್ಲದಿದ್ದರೆ ಅದೇ ಪುಟ ಮತ್ತೆ ಬಂದು ಕೂರುತ್ತದೆ. ಆ ನಂಬರಿಗೆ ಫೋನ್ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಭಾವನ ಲ್ಯಾಪ್‌ಟಾಪ್ ಬಿಚ್ಚಿದಾಗ ರ‍್ಯಾಮ್‌ಗೆ ಇನ್ನೊಂದು ಸ್ಲಾಟ್ ಖಾಲಿ ಇತ್ತು. ತೆಳ್ಳನೆ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವುದುಂಟು, ಆಗ ಈ ದಾರಿ ಇಲ್ಲ. ಇನ್ನೊಂದು 4 ಜಿಬಿ ಹಾಕಿಸಿದೆವು. ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಬಂತು. ಈಗ ಟ್ಯಾಬ್‌ಗಳು ಮೂವತ್ತು ದಾಟಿವೆ, ಅದನ್ನು ತಪ್ಪಿಸಲು ನನ್ನಿಂದಾಗಲಿಲ್ಲ. ಆದರೂ ಮೌಸಿನ ಬಾಣ ನಿಲ್ಲುವುದಿಲ್ಲ. ಯಾವುದೋ ಒಂದು ರೇಟಿನ ಪುಟ ಮಾತ್ರ ಮಧ್ಯಾಹ್ನದ ಹೊತ್ತಿಗೆ ಒಂಟಿಯಾಗಿ ನಿಲ್ಲುತ್ತದಂತೆ. "ಶಿಫ್ಟ್ ಎಸ್ಕೇಪ್ ಒತ್ತಿ ಮುಗಿಸಿ, ಮತ್ತೆ ತೆರೀತೀನಿ" ಅಂದರು ಮೊನ್ನೆ, ಕೊಬ್ಬರಿ ರೇಟು ಹೇಳುತ್ತಾ.